ಎಸ್‌ಎಸ್‌ಟಿವಿ ಚಿತ್ರ ಕಳಿಸುವವರೇ, 100 ವ್ಯಾಟ್‌ಗೆ ಏರಿಸಬೇಡಿ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಪಡೆದವರು, ಅದರಲ್ಲೂ ನಮ್ಮ ಕರಾವಳಿಯವರು, ದಯವಿಟ್ಟು ಓದಿ. ಎಸ್‌ಎಸ್‌ಟಿವಿ ಅಂದರೆ ಒಂದು ಚಿತ್ರವನ್ನು ಸ್ವರಗಳಾಗಿಸಿ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ರೇಡಿಯೊದಲ್ಲಿ ಕಳಿಸುವುದು. ಹಾಗೆ ಕಳಿಸುವಾಗ ನನ್ನ ರಿಗ್ (ರೇಡಿಯೊ ಸೆಟ್) ಸುಟ್ಟುಹೋಗಿದ್ದು ಹೀಗೆ.

ನಮ್ಮ ಮನೆ ಕಾರವಾರದಲ್ಲಿ, ಕಡಲಿಗೆ ಹತ್ತಿರ. ಮಳೆಗಾಲದ ಒಂದು ಭಾನುವಾರ 14.230 ಮೆಗಾಹರ್ಟ್ಸ್‌ನಲ್ಲಿ ಕೋಲ್ಕತ್ತಾದ ಹ್ಯಾಮ್ ಒಬ್ಬರಿಗೆ ಸದಾಶಿವಗಡದ ಫೋಟೋ ಕಳಿಸುತ್ತಿದ್ದೆ. ಮಾರ್ಟಿನ್ 1 ಎಂಬ ಎಸ್‌ಎಸ್‌ಟಿವಿ ಮೋಡ್, ಒಂದು ಚಿತ್ರಕ್ಕೆ 114 ಸೆಕೆಂಡು. ‘ಗುಡ್ಡ ಚೆನ್ನಾಗಿ ಬಂದಿದೆ, ಕೆಳಗಿನ ನದಿ ಮಾತ್ರ ಬರೀ ಚುಕ್ಕಿ’ ಅಂದರು. ಇನ್ನೊಮ್ಮೆ ಕಳಿಸಿದೆ. ಆಗಲೂ ಕಾಳಿ ನದಿಯೇ ಅಳಿಸಿಹೋಯಿತು. ಪವರ್ ಸಾಲದು ಅಂದುಕೊಂಡು 50 ವ್ಯಾಟ್‌ನಿಂದ 100ಕ್ಕೆ ಏರಿಸಿದೆ. ಮೂರನೆಯದು ಅರ್ಧ ಹೋಗಿತ್ತು, ಸುಟ್ಟ ವಾಸನೆ ಬಂತು. ಮೀಟರ್ ಮುಳ್ಳು ಸೊನ್ನೆಗೆ ಬಿತ್ತು. ಆಂಟೆನಾಕ್ಕೆ ಪವರ್ ಕೊಡುವ ಫೈನಲ್ ಟ್ರಾನ್ಸಿಸ್ಟರ್‌ಗಳು ಹೋಗಿದ್ದವು. ದುಡ್ಡು ಕೂಡಿಟ್ಟು ಕೊಂಡ ರಿಗ್ ಅದು. ಆ ರಾತ್ರಿ ಊಟ ಸೇರಲಿಲ್ಲ.

ಇದೇ ರಿಗ್‌ನಲ್ಲಿ 100 ವ್ಯಾಟ್ ಇಟ್ಟು ಎಷ್ಟೋ ಸಲ ಮಾತಾಡಿದ್ದೆ, ಏನೂ ಆಗಿರಲಿಲ್ಲ. ಮಾತು ಕಳಿಸುವ ಎಸ್‌ಎಸ್‌ಬಿ ಮೋಡ್‌ನಲ್ಲಿ ನಾವು ಉಸಿರೆಳೆದಾಗೆಲ್ಲ ರಿಗ್‌ಗೂ ಬಿಡುವು ಸಿಗುತ್ತದೆ. ಚಿತ್ರಕ್ಕೆ ಆ ಬಿಡುವೇ ಇಲ್ಲ. ಕಪ್ಪಿಗೆ 1500 ಹರ್ಟ್ಸ್, ಬಿಳಿಗೆ 2300, ಸಾಲು ಹೊಂದಿಸಲು 1200. ಕಡುಗಪ್ಪು ಜಾಗಕ್ಕೂ ಒಂದು ಸ್ವರ ಇದೆ ಅಲ್ವಾ? ಹಾಗಾಗಿ ಸುಮಾರು ಎರಡು ನಿಮಿಷ ಪೂರ್ತಿ ಪವರ್ ಹೋಗುತ್ತಲೇ ಇರುತ್ತದೆ.

ಆಮೇಲೆ ಆಂಟೆನಾ ಕಡೆಯ ಪಿಎಲ್-259 ಕನೆಕ್ಟರ್ ಬಿಚ್ಚಿದೆ. ಒಳಗೆಲ್ಲ ಹಸಿರು ಕಿಲುಬು. ಉಪ್ಪುಗಾಳಿ, ಮೇಲೆ ಮಳೆನೀರು. ಎಸ್‌ಡಬ್ಲ್ಯುಆರ್, ಅಂದರೆ ಪವರ್ ಆಂಟೆನಾಕ್ಕೆ ಹೋಗದೆ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಅಳತೆ, ಏರಿಬಿಟ್ಟಿತ್ತು. ಬೇಸಿಗೆಯಲ್ಲಿ ಅಳೆದದ್ದೇ ಕೊನೆ, ಮತ್ತೆ ನೋಡಿರಲಿಲ್ಲ. ಎರಡು ಸಲವೂ ಅದೇ ಜಾಗದಲ್ಲಿ ಚಿತ್ರ ಕೆಟ್ಟಿತು ಅಂದರೆ ಅದು ಬ್ಯಾಂಡ್‌ನಲ್ಲಿ ಸಿಗ್ನಲ್‌ನ ಏರಿಳಿತ ಅಲ್ಲ, ಬಿಸಿಯಾಗಿ ರಿಗ್ ಸೋಲುತ್ತಿತ್ತು. ನಾನು ಅದಕ್ಕೇ ಇನ್ನಷ್ಟು ಹೊರೆ ಹೇರಿದೆ.

ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಈಗ 25 ವ್ಯಾಟ್ ದಾಟುವುದಿಲ್ಲ, ಕೋಲ್ಕತ್ತಾಕ್ಕೆ ಅಷ್ಟೇ ಸಾಕಾಗುತ್ತಿದೆ. ರಿಗ್‌ಗೆ ಹೋಗುವ ಕಂಪ್ಯೂಟರ್‌ನ ಸದ್ದನ್ನು ಎಎಲ್‌ಸಿ (ಸದ್ದು ಅತಿಯಾದರೆ ತಡೆಯುವ ವ್ಯವಸ್ಥೆ) ಮುಳ್ಳು ಅಲ್ಲಾಡದಷ್ಟು ಇಳಿಸಿದ್ದೇನೆ. ಒಂದು ಚಿತ್ರ ಆದಮೇಲೆ ಸುಮ್ನೆ ಕೂತು ಬೇರೆಯವರದ್ದು ನೋಡುತ್ತೇನೆ. ಕನೆಕ್ಟರ್‌ಗೆ ಸ್ವಯಂ ಅಂಟುವ ರಬ್ಬರ್ ಟೇಪ್ ಸುತ್ತಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಸ್‌ಡಬ್ಲ್ಯುಆರ್ ನೋಡುತ್ತೇನೆ.

ಚಿತ್ರದ ಕೆಳಭಾಗ ಮಸುಕು ಅಂತ ಆಚೆಯವರು ಹೇಳಿದರೆ, ಪವರ್ ನಾಬ್ ಮುಟ್ಟುವ ಮೊದಲು ರಿಗ್‌ನ ಬೆನ್ನಿಗೆ ಕೈಯಿಟ್ಟು ನೋಡಿ.