ಚಾಚಾನ ಪಾನಾಕ್ಕ ಫುಲ್ ಮಾರ್ಕ್ಸ್, ಕೌಂಟರ್ ಮ್ಯಾಲಿನ ಡಬ್ಬಿಗೆ ಸೊನ್ನಿ

ಹುಬ್ಬಳ್ಳಿಯಾಗ ಗೇರ್ ಸೈಕಲ್ ಇಟ್ಕೊಂಡೋರಿಗೆ ಗೊತ್ತಿರೋದ ಇದು, ಸೈಕಲ್ ಮಾರೋ ಅಂಗಡಿ ಬೇಕಾದಷ್ಟು ಅದಾವ, ಕೈ ಚಲೋ ಇರೋ ಮಿಸ್ತ್ರಿ ಸಿಗೂದು ಭಾಳ ಕಷ್ಟ. ನಾ ಬರೀತಿರೋ ಅಂಗಡಿಯಾಗ ಅಂಥಾ ಮಿಸ್ತ್ರಿ ಒಬ್ಬರು ಅದಾರ, ಎಲ್ಲಾರೂ ಚಾಚಾ ಅಂತಾರ. ಅಂಗಡಿ ಹೆಸರು ಹಾಕಂಗಿಲ್ಲ. ಯಾಕಂದ್ರ ಇದ್ರಾಗ ಹೊಗಳಿಕಿನೂ ಐತಿ ಬೈಗುಳನೂ ಐತಿ, ಬೈಗುಳ ಮಾಲಕರಿಗೆ ಮುಟ್ಟಬೇಕು, ಚಾಚಾನ ದುಡಿಮಿಗೆ ಕಲ್ಲು ಬೀಳಬಾರ್ದು. ಹುಬ್ಬಳ್ಳಿ ಸೈಕಲ್ ಮಂದಿ ಓದಿದ್ರ ಯಾವ ಅಂಗಡಿ ಅಂತ ತಾವ ತಿಳ್ಕೋತಾರ ಬಿಡ್ರಿ.

ಮೊದಲ ಚಲೋ ಮಾತು. ನನ್ನ ಎಂಟಿಬಿಯಾಗ, ಅಂದ್ರ ಮೌಂಟೇನ್ ಬೈಕಿನ್ಯಾಗ, ಹಿಂದಿನ ಗೇರ್ ಜಿಗೀತಿತ್ತು, ಬ್ಯಾರೆ ಕಡೆ ತೋರಿಸಿದ್ರ ಒಬ್ಬ ಚೈನ್ ಬದ್ಲ್ ಮಾಡ್ರಿ ಅಂದ, ಇನ್ನೊಬ್ಬ ಡಿರೇಲರ್ರ (ಚೈನ್ ಒಂದು ಚಕ್ರದಿಂದ ಇನ್ನೊಂದಕ್ಕ ಸರಿಸೋ ಭಾಗ) ಹೋಗೇತಿ ಹೊಸಾದು ಹಾಕಬೇಕು ಮೂರು ಸಾವಿರ ಆಗ್ತೈತಿ ಅಂದ. ಚಾಚಾ ಸೈಕಲ್ ಹಿಂದ ಕುಕ್ಕರಗಾಲಿಲೆ ಕುಂತು ಒಂದ ಕಣ್ಣು ಮುಚ್ಚಿ ನೋಡಿದ್ರು, ಡಿರೇಲರ್ ಜೋತು ಹಾಕೋ ಹ್ಯಾಂಗರ್ ಸೊಟ್ಟ ಆಗೇತಿ ಅಷ್ಟ ಅಂದ್ರು, ನೆಟ್ಟಗ ಮಾಡಿದ್ರು, ಕೇಬಲ್ ಬಿಗಿ ಮಾಡಿದ್ರು, ನೂರೈವತ್ತು ರೂಪಾಯಿ ತಗೊಂಡ್ರು. ವ್ಹೀಲಿನ ಔಟ್ (ಸೊಟ್ಟ) ತೆಗಿಯೋವಾಗ ಒಂದೊಂದ ಸ್ಪೋಕಿಗೆ ಪಾನಾಲೆ ತಟ್ಟಿ ಸಪ್ಪಳ ಕೇಳ್ತಾರ, ಸಡ್ಲ ಇದ್ದದ್ದು ಕಿವಿಗೇ ಗೊತ್ತಾಗ್ತೈತಂತ. ಬದಲಿ ಮಾಡಿದ ಹಳೇ ಪಾರ್ಟ್ ಪೇಪರಿನ್ಯಾಗ ಸುತ್ತಿ ಕೈಯಾಗ ಕೊಡ್ತಾರ, ಇದೊಂದ ರೂಢಿ ಸಾಕ್ರಿ ನಂಬಾಕ. ಕೊರತಿ ಅಂದ್ರ ಬಿಲ್ ಇಲ್ಲ, ಟೋಕನ್ ಇಲ್ಲ, ಫೋನ್ ಎತ್ತಂಗಿಲ್ಲ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರ್ತಾರ ಆ ಹೊತ್ತಿಗೆ ಹೋಗಬ್ಯಾಡ್ರಿ.

ಆಮ್ಯಾಲ ಈ ಅಂಗಡಿಯವರು ಮಳಿ ನಿಂತ ಮ್ಯಾಲ ರವಿವಾರಕ್ಕೊಮ್ಮೆ ಕಪ್ಪತಗುಡ್ಡಕ್ಕ ರೈಡ್ ಇಡ್ತಾರ, ಟೆಂಪೋದಾಗ ಸೈಕಲ್ ಹಾಕ್ಕೊಂಡು ಗದಗ ದಾಟಿ ಡಂಬಳದಾಗ ಇಳಿಸಿ ಅಲ್ಲಿಂದ ತುಳಿಯೂದು. ಹೋಗೂದು ಪಕ್ಕಾ ಆದ ಮ್ಯಾಲ ನಾ ಚಾಚಾಗ ಕೇಳ್ದೆ, ಚಾಚಾ ಡೋಣಿ ಊರಿಂದ ಗುಡ್ಡದ ಮ್ಯಾಲಿನ ಗಾಳಿಗುಂಡಿ ತನಕ ಏರು ಭಾಳ ಕಡಕ್ ಐತಂತ, ನನ್ನ ಕಾಲು ತಡೀತಾವೋ ಇಲ್ಲೋ. ಅದಕ್ಕ ಅವರು, "ಕಾಲು ಬದ್ಲ್ ಮಾಡಾಕ ಬರಂಗಿಲ್ರಿ ಸಾಹೇಬ್ರ, ಹಲ್ಲು ಬದ್ಲ್ ಮಾಡೂಣು" ಅಂದ್ರು. ಹಿಂದಿನ ಕ್ಯಾಸೆಟ್ಟಿನ (ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಗೊಂಚಲು) ದೊಡ್ಡ ಚಕ್ರ 28 ಹಲ್ಲಿಂದಿತ್ತು, 34ರದ್ದು ಹಾಕಿದ್ರು, ಚೈನಿಗೆ ಎರಡು ಕೊಂಡಿ ಜೋಡಿಸಿದ್ರು, ಮಜೂರಿ ಹಿಡದು ಸಾವಿರದ ನಾನೂರು. ಲೆಕ್ಕ ನೋಡ್ರಿ, 28ನ್ನ 34ಲೆ ಭಾಗಿಸಿದ್ರ ಮೊದಲಿದ್ದ ಎಲ್ಲಕ್ಕಿಂತ ಹಗುರ ಗೇರಿಗಿಂತ ಹೆಚ್ಚುಕಮ್ಮಿ ಶೇ 18ರಷ್ಟು ಹಗುರ ಆತು. ಸ್ಪೀಡ್ ಕಮ್ಮಿ ಆಗ್ತೈತಿ ಖರೆ, ಆದ್ರ ಇಳದು ದೂಡೂದು ತಪ್ಪತೈತಿ. ಒಂದು ಮಜಾ ಹೇಳಲೇನು, ಟೂರ್ ಡಿ ಫ್ರಾನ್ಸ್ ಅನ್ನೋ ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಚಾಲೂ ಮಾಡಿದ ಆಂರಿ ದೆಗ್ರಾಂಜ್ ಅನ್ನಾಂವಗ ಈ ಗೇರ್ ಅಂದ್ರ ಆಗ್ತಿದ್ದಿಲ್ಲ, 1937ರ ತನಕ ಆ ರೇಸಿನ್ಯಾಗ ಡಿರೇಲರ್‌ಗೆ ಪರವಾನಗಿನ ಇದ್ದಿಲ್ಲ. ಆಲ್ಪ್ಸ್, ಪಿರನೀಸ್ ಗುಡ್ಡ ಎಲ್ಲಾ ಅದಿಲ್ದನ ಹತ್ತಿಸ್ತಿದ್ದ ಪುಣ್ಯಾತ್ಮ.

ಈಗ ಬೈಗುಳ.

ಮೊದಲ ಬೆಲ್ಲು, ಕೀಲಿ, ಬಾಟ್ಲಿ ಸ್ಟ್ಯಾಂಡ್ ಇಡ್ತಿದ್ದ ಗಾಜಿನ ಕಪಾಟಿನ್ಯಾಗ ಈಗ ಪೂರಾ ಪೌಡರ್ ಡಬ್ಬಿ. ಪ್ರೀ ವರ್ಕೌಟ್ ಅಂತ, ಎಂಡ್ಯೂರೆನ್ಸ್ ಅಂತ, ಹುಲಿ ಚಿತ್ರ, ಸಿಡ್ಲಿನ ಚಿತ್ರ. ನನ್ನ ಜೋಡಿ ಅಕ್ಕನ ಮಗ ಬಂದಿದ್ದ, ಗದಗಿನಾಂವ, ಕಾಲೇಜ್ ಹುಡುಗ, ರೇಸ್ ಹೊಡೀತಾನ. ಅವನ ಕಾಲಿನ ಮೀನಖಂಡ ನೋಡಿದ ಕೂಡ್ಲೆ ಮಾಲಕರು ಚಾಲೂ ಮಾಡಿದ್ರು, "ತಮ್ಮಾ, ಗುಡ್ಡಕ್ಕ ಹೊಂಟೀದಿ ಅಂದ್ರ ಅರ್ಧಾ ತಾಸು ಮೊದಲ ಒಂದು ಸ್ಕೂಪ್ ಹೊಡಿ, ಪ್ರೋ ಮಂದಿ ಎಲ್ಲಾ ತಗೋತಾರ." ಡಬ್ಬಿ ರೇಟು ಎರಡು ಸಾವಿರದ ಎಂಟನೂರು. ನಾ ಡಬ್ಬಿ ತಿರುವಿ ಓದಿದೆ. ಪ್ರೊಪ್ರೈಟರಿ ಬ್ಲೆಂಡ್ ಅಂತ ಬರದು ಒಟ್ಟು ಗ್ರಾಂ ಅಷ್ಟ ಹಾಕ್ಯಾರ, ಒಳಗ ಯಾವುದು ಎಷ್ಟೈತಿ ಹೇಳಿಲ್ಲ. ತಿನ್ನೋ ಮಾಲಿಗೆ ಸರ್ಕಾರದವರು ಕೊಡೋ ಎಫ್‌ಎಸ್‌ಎಸ್‌ಎಐ ನಂಬರ್ ಹುಡುಕಿದ್ರ ಇಲ್ಲ, ತರಿಸ್ಕೊಂಡವರ ಚೀಟಿ ಅರ್ಧಾ ಹರದೇತಿ. ಸ್ಪೋರ್ಟ್ಸ್ ಆಡೋರಿಗೆ ಬ್ಯಾಚ್ ಟೆಸ್ಟ್ ಮಾಡಿದ್ದು ಅಂತ ಕೆಲವು ಕಂಪನಿ ಗುರ್ತು ಹಾಕಿರ್ತಾವಲ್ಲ, ಅದೂ ಇಲ್ಲ. ಇದೇನ್ರಿ ಮಾಲಕರ ಅಂದ್ರ ಫಾರೆನ್ ಮಾಲ್ ಸರ್ರ ಅಂತಾರ.

ಪ್ರೋ ಮಂದಿ ತಗೋತಾರ ಅನ್ನೋ ಮಾತು ಐತಲ್ಲ, ಅದು ಸುಳ್ಳಲ್ಲ. ಏನೇನ್ ತಗೊಂಡ್ರು, ಏನಾತು ಅಂತ ಪೂರಾ ಹೇಳಿ ಮಾರ್ರಿ ಹಂಗಾದ್ರ. 1924ರಾಗನ ಫ್ರಾನ್ಸಿನ ರೇಸ್ ಮಂದಿ ಪೆಲಿಸ್ಸಿಯೆ ಅಣ್ಣತಮ್ಮರು ಟೂರ್ ಡಿ ಫ್ರಾನ್ಸ್ ಅರ್ಧಕ್ಕ ಬಿಟ್ಟು ಆಲ್ಬೆರ್ ಲೋಂದ್ರ್ ಅನ್ನೋ ಪತ್ರಕರ್ತನ ಮುಂದ ಚೀಲ ಬಿಚ್ಚಿ ತೋರಿಸಿದ್ರು, ಕಣ್ಣಿಗೆ ಕೊಕೇನ್, ಒಸಡಿಗೆ ಕ್ಲೋರೋಫಾರ್ಮ್, ಮ್ಯಾಲ ಗುಳಿಗಿ. ಆಮ್ಯಾಲ 90ರ ದಶಕದಾಗ ಇಪಿಒ ಬಂತು. ಮೂತ್ರಪಿಂಡದ ರೋಗಿಗಳಿಗೆ ರಕ್ತ ಹೆಚ್ಚಾಗ್ಲಿ ಅಂತ ಕೊಡೋ ಇಂಜೆಕ್ಷನ್ ಅದು, ಕೆಂಪು ರಕ್ತಕಣ ಏರಿಸ್ತೈತಿ, ಕಣ ಏರಿದ್ರ ಸ್ನಾಯುವಿಗೆ ಆಕ್ಸಿಜನ್ ಹೆಚ್ಚು ಮುಟ್ಟತೈತಿ. ಬಯಲಿನ್ಯಾಗ ಇನ್ನೊಬ್ಬನ ಬೆನ್ನ ಹಿಂದ ಅಡಗಿ ಗಾಳಿ ತಪ್ಪಿಸ್ಕೊಂಡು ಹೋಗಬಹುದು, ಏರಿನ್ಯಾಗ ಹಂಗಿಲ್ಲ, ಸ್ಪೀಡ್ ಕಮ್ಮಿ ಇರ್ತೈತಿ ಅದಕ್ಕ ಗಾಳಿ ಆಟ ನಡಿಯೂದಿಲ್ಲ, ನಿನ್ನ ತೂಕ ಎಷ್ಟು ನಿನ್ನ ತಾಕತ್ತು ಎಷ್ಟು ಅಷ್ಟ ಲೆಕ್ಕ. ಅದಕ್ಕ ದೊಡ್ಡ ದೊಡ್ಡ ಮೋಸ ಎಲ್ಲಾ ಗುಡ್ಡದಾಗನ ಕಣ್ಣಿಗೆ ಬಿದ್ದಾವ. ಆಗ ಇಪಿಒ ಹಿಡಿಯೋ ಟೆಸ್ಟ್ ಇದ್ದಿಲ್ಲ, ಅದಕ್ಕ 1997ರಾಗ ರಕ್ತದಾಗ ಕಣದ ಪಾಲು ಶೇ 50 ದಾಟಿದ್ರ ಮನಿಗೆ ಅಂತ ಗೆರಿ ಹಾಕಿದ್ರು. ಇಟಲಿಯ ಮಾರ್ಕೋ ಪಾಂತಾನಿ, ಗುಡ್ಡ ಹತ್ತೂದ್ರಾಗ ಅವನಂಥಾಂವ ಇನ್ನೊಬ್ಬ ಇಲ್ಲ ಅಂತಿದ್ರು, 1998ರಾಗ ಜಿರೋ (ಇಟಲಿಯ ದೊಡ್ಡ ರೇಸ್), ಟೂರ್ ಎರಡೂ ಗೆದ್ದಾಂವ, ಮರುವರ್ಷ ಜಿರೋದಾಗ ಮುಂದಿದ್ದಾಗನ ಮಡೋನಾ ದಿ ಕಂಪಿಲಿಯೊ ಅನ್ನೋ ಗುಡ್ಡದ ಊರಾಗ ಮುಂಜಾನೆ ರಕ್ತ ತಗದ್ರು, 52 ಬಂತು, ಹೊರಗ. 2004ರಾಗ ಕೊಕೇನ್ ಹೆಚ್ಚಾಗಿ ಒಂದು ಹೋಟೆಲ್ ರೂಮಿನ್ಯಾಗ ಸತ್ತ, ವಯಸ್ಸು 34. ಅವನ ವಿಡಿಯೋ ಈಗೂ ನೋಡ್ತೀನಿ ನಾ, ಹ್ಯಾಂಡಲ್ ಕೆಳಗ ಹಿಡದು ಎದ್ದು ನಿಂತು ತುಳಿಯೂದು. ಚಂದ ಐತಿ, ಆದ್ರ ನೋಡಿದಾಗೊಮ್ಮೆ ಎಷ್ಟು ಅವನದು ಎಷ್ಟು ಇಂಜೆಕ್ಷನ್ನಿಂದು ಅನ್ನೋದು ತಲಿಯಾಗ ಕೊರೀತೈತಿ. ಅಮೆರಿಕಾದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕತಿ ಎಲ್ಲಾರಿಗೂ ಗೊತ್ತು, 1999ರಿಂದ 2005ರ ತನಕ ಗೆದ್ದ ಏಳೂ ಟೂರ್ ಡೋಪಿಂಗ್ ಸಲುವಾಗಿ 2012ರಾಗ ಕಸಗೊಂಡ್ರು, ಆ ಏಳು ವರ್ಷದ ಪಟ್ಟ ಬ್ಯಾರೆ ಯಾರಿಗೂ ಕೊಡಲೇ ಇಲ್ಲ, ಪಟ್ಟಿಯಾಗ ಇವತ್ತಿಗೂ ಖಾಲಿ.

ಆದ್ರ ಅಂಗಡಿ ಕೌಂಟರಿಗೆ ಸಂಬಂಧ ಇರೋದು ಅವನ ಕತಿ ಅಲ್ಲ, ಸ್ಪೇನಿನ ರೇಸ್ ಸವಾರ ಕೊಂಟಡೋರ್‌ದು. 2010ರ ಟೂರ್‌ದಾಗ ಅವನ ಮೂತ್ರದಾಗ ಕ್ಲೆನ್‌ಬ್ಯುಟೆರಾಲ್ ಅನ್ನೋ ನಿಷೇಧದ ಔಷಧಿ ಸಿಕ್ತು, ಎಷ್ಟು ಅಂದ್ರ ಒಂದು ಮಿಲಿಲೀಟರಿಗೆ 50 ಪಿಕೋಗ್ರಾಂ, ಇದ್ದೂ ಇಲ್ಲದಂಗ. ದನದ ಮಾಂಸದಾಗ ಬಂದೈತಿ ಅಂತ ವಾದ ಮಾಡಿದ. 2012ರಾಗ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿ ಮಾಂಸಕ್ಕಿಂತ ಕಲಬೆರಕಿ ಸಪ್ಲಿಮೆಂಟಿನಿಂದ ಬಂದಿರೋ ಸಾಧ್ಯತೆನ ಹೆಚ್ಚು ಅಂತು, ಅಂದ್ರೂ ಪಟ್ಟ ಹೋತು, ಎರಡು ವರ್ಷ ನಿಷೇಧನೂ ಆತು. ತಿಳೀತಿಲ್ರಿ? ಬೇಕಂತ ತಗೊಂಡ್ಯೋ ಗೊತ್ತಿಲ್ದ ತಗೊಂಡ್ಯೋ ಅನ್ನೋದು ಶಿಕ್ಷೆ ಕಮ್ಮಿ ಮಾಡಾಕ ಉಪಯೋಗ ಆಗಬಹುದು, ಮೈಯಾಗ ಸಿಕ್ಕಿದ್ಕ ಜವಾಬ್ದಾರಿ ಮಾತ್ರ ಆಟಗಾರಂದ. ನಮ್ಮಲ್ಲೂ ಆಗೇತಿ, 2010ರ ದಿಲ್ಲಿ ಕಾಮನ್‌ವೆಲ್ತ್ ಗೇಮ್ಸ್ ಮುಂದ ನಮ್ಮ ಪೈಲ್ವಾನರು, ಈಜೋರು ಮೀಥೈಲ್‌ಹೆಕ್ಸನಮೈನ್ ಅನ್ನೋ ಉತ್ತೇಜಕಕ್ಕ ಸಿಕ್ಕಬಿದ್ರು, ಅದು ಇಂಥಾ ಪ್ರೀ ವರ್ಕೌಟ್ ಡಬ್ಬಿಯಾಗ ಹಾಕ್ತಿದ್ದ ಮಾಲ. ಮರುವರ್ಷ ರಿಲೇ ಓಡೋ ಹುಡುಗ್ಯಾರು, ನಮ್ಮ ಕರ್ನಾಟಕದ ಅಶ್ವಿನಿ ಅಕ್ಕುಂಜಿ ಸೇರಿ, ಜಿನ್ಸೆಂಗ್ ಗುಳಿಗಿಯಾಗ ಸ್ಟೀರಾಯ್ಡ್ ಇತ್ತು, ಕೋಚ್ ತಂದುಕೊಟ್ಟದ್ದು ನುಂಗಿದ್ವಿ ಅಂದ್ರು. ಆದ್ರೂ ಎರಡು ವರ್ಷ ಹೋತು. ವಿಜಯಪುರ, ಬಾಗಲಕೋಟಿ, ಗದಗ ಕಡೆ ಎಷ್ಟು ಹುಡುಗ್ರು ಹೊಲದ ಮನಿಯಿಂದ ಬಂದು ಸೈಕಲ್ ತುಳದು ಸ್ಪೋರ್ಟ್ಸ್ ಕೋಟಾದಾಗ ರೈಲ್ವೆದಾಗೋ ಆರ್ಮಿಯಾಗೋ ನೌಕರಿ ಹಿಡಿಯೋ ಆಸೆ ಇಟ್ಕೊಂಡಾರ, ಅಂಥವರ ಕೈಯಾಗ ಚೀಟಿ ಹರದ ಡಬ್ಬಿ ಕೊಡ್ತೀರಲ್ರಿ ಮಾಲಕರ, ನಾಳೆ ನಾಡಾದವರು (ಡೋಪಿಂಗ್ ಹಿಡಿಯೋ ದೇಶದ ಸಂಸ್ಥೆ) ಬಂದು ಮೂತ್ರಕ್ಕ ಬಾಟ್ಲಿ ಹಿಡದ್ರ ನೀವೇನ್ ಹೋಗಿ ಸಾಕ್ಷಿ ಹೇಳ್ತೀರೇನು?

ಚಹಾ ಕುಡೀರಿ ಬೇಕಾದ್ರ. ಕೆಫೀನ್ 2004ರಾಗ ನಿಷೇಧದ ಪಟ್ಟಿಯಿಂದ ಹೊರಗ ಬಂದೈತಿ, ಅಂಗಡಿ ಬಾಜೂದಾಗ ಕಟಿಂಗ್ ಹತ್ತು ರೂಪಾಯಿ.

ರೈಡ್ ಬಗ್ಗೆ. ಡಂಬಳದಾಗ ದೊಡ್ಡಬಸಪ್ಪನ ಗುಡಿ ಮುಂದ ಇನ್ನೂ ಕತ್ತಲಿದ್ದಾಗ ಸೈಕಲ್ ಇಳಿಸಿದ್ರು, ಆ ನಕ್ಷತ್ರದಂಗ ಮೂಲಿ ಮೂಲಿ ಇರೋ ಗ್ವಾಡಿ ಬೆಳಕು ಹರದ ಮ್ಯಾಲ ಬಂದು ನೋಡ್ರಿ, ಕಲ್ಯಾಣ ಚಾಲುಕ್ಯರ ಕಾಲದ್ದು. ಡೋಣಿ ದಾಟಿದ ಮ್ಯಾಲ ಏರು ಚಾಲೂ. ನಮ್ಮ ಬಯಲುಸೀಮಿ ಮಂದಿಗೆ ಗುಡ್ಡ ಅಂದ್ರ ನೃಪತುಂಗ ಬೆಟ್ಟ, ಹತ್ತು ನಿಮಿಷದಾಗ ಹತ್ತಿ ಗಿರಮಿಟ್ ತಿಂದು ಇಳಿಯೂದು. ಇದು ಹಂಗಲ್ಲ, ತಿರುವು ಮುಗೀತು ಅನ್ನೋದ್ರಾಗ ಇನ್ನೊಂದು ತಿರುವು, ಕೆಂಪು ಮಣ್ಣು, ಆಳೆತ್ತರ ಬಾದೆ ಹುಲ್ಲು, ಮ್ಯಾಲ ಸಾಲಾಗಿ ಗಾಳಿಯಂತ್ರ ಭರ್ರ್ ಅಂತಿರ್ತಾವ. ಇಲ್ಲೆ ತೋಳ ಅದಾವ, ಕತ್ತೆಕಿರುಬ ಅದಾವ, ನಮಗ ಕಂಡಿದ್ದು ನವಿಲು ಮತ್ತ ರಸ್ತಾದಾಗ ಎಲುಬಿನ ಪುಡಿ ಸೇರಿ ಬೆಳ್ಳಗಾದ ಕತ್ತೆಕಿರುಬದ ಲದ್ದಿ. ಬಂಗಾರ, ಕಬ್ಬಿಣ ಅಂತ ಗಣಿ ಮಂದಿ ಕಣ್ಣು ಈ ಗುಡ್ಡದ ಮ್ಯಾಲ ಮೊದಲಿಂದನೂ ಐತಿ, ತೋಂಟದ ಸಿದ್ಧಲಿಂಗ ಸ್ವಾಮಿಗಳು, ಊರ ಮಂದಿ ಎಲ್ಲಾ ಹೋರಾಟ ಮಾಡಿ 2019ರಾಗ ವನ್ಯಜೀವಿ ಧಾಮ ಆತು, ಸುಮಾರು 244 ಚದರ ಕಿಲೋಮೀಟರ್. ಗಾಳಿಗುಂಡಿ ಹತ್ರ ಬಂದ್ರ ಗಾಳಿ ಅಡ್ಡ ಬಡಿದು ನಿಲ್ಲಿಸಿದ ಸೈಕಲ್ ಬೀಳತಾವ, ಫೋನಿನ್ಯಾಗ ನೆಟ್‌ವರ್ಕ್ ಇಲ್ಲ, ರೈಡ್ ದಾರಿ, ಟೈಮ್ ಬರಕೊಳ್ಳೋ ಸ್ಟ್ರಾವಾ ಆ್ಯಪಿನ ಗೆರಿ ಅರ್ಧಕ್ಕ ನಿಂತಿತ್ತು, ಯಾರ್ ಮೊದಲ ಬಂದ್ರು ಅಂತ ಯಾರೂ ಕೇಳಲಿಲ್ಲ. ನನಗ ಈ ಗುಡ್ಡ ಸೇರೂದು ಅದಕ್ಕ.

ನಮ್ಮ ಗುಂಪಿನ್ಯಾಗ ಒಬ್ಬಾಂವ ಆ ಡಬ್ಬಿಯಿಂದ ಎರಡು ಸ್ಕೂಪ್ ಹೊಡಕೊಂಡು ಬಂದಿದ್ದ. ಮೊದಲೆರಡು ತಿರುವು ಎಲ್ಲಾರನ್ನೂ ದಾಟಿ ಹೋದ, ಮುಂದ ನೋಡಿದ್ರ ರಸ್ತಾ ಬಾಜೂ ಕುಂತಾನ, ಕೈ ನಡುಗ್ತಾವ, ಮಾರಿ ಜುಮುಜುಮು ಅಂತೈತಿ ಅಂದ, ಎದಿ ಬಡಿಯೂದು ಅಂಗಿ ಮ್ಯಾಲಿಂದನ ಕಾಣತಿತ್ತು. ಚಾಚಾ ನೆರಳಿನ್ಯಾಗ ಮಲಗಿಸಿ ತಲಿಗೆ ನೀರು ಹಾಕಿ ಲಿಂಬು ಉಪ್ಪಿನ ನೀರು ಕುಡಿಸಿದ್ರು, ಟೆಂಪೋ ಕರಸಿ ಕಳಿಸಿದ್ರು, ಸಂಜಿಗೆ ಸುಧಾರಿಸಿದ ಪುಣ್ಯಕ್ಕ. ನನಗ ಅಲ್ಲೆ ಇಂಗ್ಲೆಂಡಿನ ರೇಸ್ ಸವಾರ ಟಾಮ್ ಸಿಂಪ್ಸನ್ ನೆನಪಾದ. 1967ರ ಜುಲೈ 13, ಟೂರ್ ಡಿ ಫ್ರಾನ್ಸ್ ನಡದಿತ್ತು, ಫ್ರಾನ್ಸಿನ ಮೋಂ ವೆಂಟೂ, ಅದೂ ಹಿಂಗ ಗಾಳಿಗೆ ಹೆಸರಾದ ಗುಡ್ಡ, ನೆತ್ತಿ ಮ್ಯಾಲ ಒಂದು ಗಿಡ ಇಲ್ಲ ಬರೇ ಬಿಳಿ ಕಲ್ಲು, ಸುಡು ಬಿಸಲು. ಅವನ ಮೈಯಾಗ ಆಂಫೆಟಮೈನ್ ಅನ್ನೋ ಉತ್ತೇಜಕ ಇತ್ತು, ಜೊತಿಗೆ ದಾರೂ. ಆಂಫೆಟಮೈನ್ ಮಾಡೂದ ಅದು, ದಣಿವು ಗೊತ್ತಾಗಾಕ ಬಿಡಂಗಿಲ್ಲ, ಮೈ ಕಾದ ಕೆಂಡ ಆದ್ರೂ ಕಾಲು ತುಳೀತಾವ. ತುದಿ ಇನ್ನೂ ಸ್ವಲ್ಪ ದೂರ ಇದ್ದಾಗ ಬಿದ್ದ, ಬದುಕಲಿಲ್ಲ. 29 ವರ್ಷ. ಆ ಜಾಗಾದಾಗ ಈಗ ಕಲ್ಲು ನಿಲ್ಲಿಸ್ಯಾರ, ಹತ್ತಿ ಹೋಗೋ ಸೈಕಲ್ ಮಂದಿ ಬಾಟ್ಲಿ, ಟೊಪಿಗಿ ಇಟ್ಟು ಹೋಗ್ತಾರ.

ನಮ್ಮ ಅಳಿಯ ಮುಂಜಾನೆ ಎರಡು ಬಾಳಿಹಣ್ಣು, ಶೇಂಗಾ ಉಂಡಿ ತಿಂದು ಆರಾಮ ಹತ್ತಿದ. ನಾ 34 ಹಲ್ಲಿನ ಮ್ಯಾಲ ಕುಂತು ಕುಂತೇ ಹತ್ತಿದೆ, ಉಸಿರು ಬಾಯಿಗೆ ಬಂದಿತ್ತು, ಆದ್ರ ಇಳೀಲಿಲ್ಲ. ಊಟಕ್ಕ ಡೋಣಿಯಾಗ ಹೇಳಿಟ್ಟಿದ್ರು, ಕಟಕ ರೊಟ್ಟಿ, ಎಣ್ಣಗಾಯಿ, ಹಿಂಡಿ, ಮೊಸರು. ಭಾರೀ ಇತ್ತು. ವಾಪಸ್ ಬರೋವಾಗ ಗದಗದಾಗ ಬದನಿಕಾಯಿ ಬಜಿ ಬ್ಯಾರೆ.

ರೈಡಿನ ಕೊರತಿನೂ ಬರೀತೀನಿ. ಫಸ್ಟ್ ಏಡ್ ಡಬ್ಬಿ ಇದ್ದಿಲ್ಲ, ಅಂಥಾ ಹೊತ್ತಿನ್ಯಾಗ ಚಾಚಾನ ಲಿಂಬು ನೀರ ಗತಿ ಆದ್ರ ಹೆಂಗ್ರಿ? ಇಬ್ಬರಿಗೆ ಹೆಲ್ಮೆಟ್ ಇದ್ದಿಲ್ಲ, ಹಂಗ ಕರ್ಕೊಂಡ್ರು. ಒಬ್ಬ ಹ್ಯಾಂಡಲಿಗೆ ಬ್ಲೂಟೂತ್ ಸ್ಪೀಕರ್ ಕಟ್ಟಿ ವನ್ಯಧಾಮದಾಗ ಡಿಜೆ ಹಾಡು ಹಚ್ಚಿದ್ದ, ಅಂಗಡಿ ಹುಡುಗ್ರು ಸುಮ್ನ ನೋಡ್ಕೋತ ಇದ್ರು, ಕಡೀಗೆ ನಮ್ಮ ಅಳಿಯನ ಬಂದ್ ಮಾಡಿಸಿದ.

ಡಬ್ಬಿ ವಿಷಯ ಮಾಲಕರಿಗೆ ಮಾರಿ ಮ್ಯಾಲನ ಹೇಳೇನಿ. ನಕ್ಕು, "ನೀವು ತಗೋಬ್ಯಾಡ್ರಿ ಸರ್ರ, ಬ್ಯಾರೆಯವರು ತಗೋತಾರ, ಬಾಡಿಗಿ ಕಟ್ಟಬೇಕಲ್ರಿ" ಅಂದ್ರು. ಬಾಡಿಗಿ ಮಾತು ಖರೆನ ಇರಬಹುದು, ಸೈಕಲ್ ಆನ್‌ಲೈನ್‌ದಾಗ ತರಿಸಿ ಬರೇ ಪಂಚರಿಗೆ ಅಂಗಡಿಗೆ ಬರೋ ನಮ್ಮಂಥವರು ಅದ್ರಾಗ ಅರ್ಧಾ ಕಾರಣ. ಆದ್ರೂ ಆ ಕಪಾಟು ಇರೋ ತನಕ ನಾ ಎರಡು ಸ್ಟಾರ್ ಕಡಿತೀನಿ. ಸೈಕಲ್ ರಿಪೇರಿ ಇದ್ರ ಸೀದಾ ಹಿಂದ ಚಾಚಾನ ಕಡೆ ಹೋಗ್ರಿ, ಮಕ್ಕಳನ್ನ ಕರ್ಕೊಂಡು ಹೋದ್ರ ಕೌಂಟರ್ ಮುಂದ ಒಬ್ಬರನ್ನ ಬಿಡಬ್ಯಾಡ್ರಿ. ಗುಡ್ಡಕ್ಕ ಹೋಗೋರು ಎರಡು ಟ್ಯೂಬ್ ಜಾಸ್ತಿ ಇಟ್ಕೊಳ್ರಿ, ಜಾಲಿ ಮುಳ್ಳು ಭಾಳ. ಬ್ಯಾಸಗ್ಯಾಗ ಹುಲ್ಲು ಒಣಗಿ ಬೆಂಕಿ ಬೀಳತೈತಿ, ಆ ಹೊತ್ತಿಗೆ ಹೋಗಬ್ಯಾಡ್ರಿ, ಹೋಗೋ ಮುಂದ ಅರಣ್ಯ ಇಲಾಖೆಯವರನ್ನ ಒಂದು ಮಾತು ಕೇಳ್ರಿ.