ಅಮ್ಮನ ಮರೆವಿಗೆಂದು ಬಂದ ಡಿಎಚ್‌ಇಎ ಬಾಟಲಿ

ನ್ಯೂಜೆರ್ಸಿಯಲ್ಲಿರುವ ಅಕ್ಕ ಕಳೆದ ಸಲ ಮೈಸೂರಿಗೆ ಬಂದಾಗ, ಆಲ್ಝೈಮರ್ ಕಾಯಿಲೆಯಿರುವ ನಮ್ಮ ಅಮ್ಮನಿಗೆಂದು ಡಿಎಚ್‌ಇಎ ಹಾರ್ಮೋನಿನ ಬಾಟಲಿಯೊಂದನ್ನು ತಂದುಕೊಟ್ಟಳು. ತಲಾ 50 ಮಿಲಿಗ್ರಾಂನ 60 ಕ್ಯಾಪ್ಸೂಲುಗಳು. 1994ರ ಕಾಯ್ದೆಯೊಂದರ ದೆಸೆಯಿಂದ ಅಮೆರಿಕದಲ್ಲಿ ಇದು ಔಷಧವಲ್ಲ, ಪೂರಕ ಆಹಾರ. ಹಾಗಾಗಿ ವೈದ್ಯರ ಚೀಟಿಯಿಲ್ಲದೆ ವಿಟಮಿನ್ ಮಾತ್ರೆಗಳ ಪಕ್ಕದಲ್ಲೇ ಸಿಗುತ್ತದೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನನ್ನ ತಕರಾರು ಒಂದು ಕಂಪನಿಯ ಮೇಲಲ್ಲ, ಈ ಬಗೆಯ ಸರಕಿನ ಮೇಲೆ.

ಬಾಟಲಿಯ ಮುಂಭಾಗದಲ್ಲಿ ಮೆದುಳಿನ ಆರೋಗ್ಯಕ್ಕೆ ಬೆಂಬಲ ಎಂಬರ್ಥದ ದಪ್ಪಕ್ಷರದ ಮಾತು, ಅದರ ತಲೆಯ ಮೇಲೊಂದು ಪುಟ್ಟ ನಕ್ಷತ್ರ. ಆ ನಕ್ಷತ್ರದ ಜೋಡಿಯನ್ನು ಹುಡುಕಿ ಹಿಂಬದಿಗೆ ತಿರುಗಿಸಿದರೆ, ಅಪ್ಪನ ಹಳೆಯ ಭೂತಗನ್ನಡಿ ಹಿಡಿದೇ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ಈ ಹೇಳಿಕೆಯನ್ನು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಪರಿಶೀಲಿಸಿಲ್ಲ, ಯಾವ ಕಾಯಿಲೆಯನ್ನೂ ಗುಣಪಡಿಸಲು ಇಲ್ಲವೇ ತಡೆಯಲು ಇದು ಉದ್ದೇಶಿತವಲ್ಲ ಎಂದು ಬರೆದಿದೆ. ಇಡೀ ಬಾಟಲಿಯಲ್ಲಿ ನನಗೆ ಪೂರ್ತಿ ಪ್ರಾಮಾಣಿಕವೆನಿಸಿದ ವಾಕ್ಯ ಅದೊಂದೇ.

ಹಾಗೆಂದು ಇದರ ಹಿಂದೆ ವಿಜ್ಞಾನವೇ ಇಲ್ಲವೆನ್ನಲಾಗದು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಷ್ಟೇ ಅಲ್ಲ, ಮೆದುಳೂ ಡಿಎಚ್‌ಇಎಯಂಥ ತನ್ನದೇ ಸ್ಟೆರಾಯ್ಡ್‌ಗಳನ್ನು ತಯಾರಿಸಿಕೊಳ್ಳುತ್ತದೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಬೋಲ್ಯೂ ತೋರಿಸಿದರು. ಅವುಗಳಿಗೆ ನ್ಯೂರೋಸ್ಟೆರಾಯ್ಡ್ ಎಂಬ ಹೆಸರೂ ಅವರದೇ. ಪ್ರಯೋಗಾಲಯದಲ್ಲಿ ಇವು ನರಕೋಶಗಳನ್ನು ಕಾಪಾಡುವುದು ಕಂಡಿದೆ. ಆಲ್ಝೈಮರ್‌ನಲ್ಲಿ ನರಕೋಶಗಳ ಹೊರಗೆ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ, ಒಳಗೆ ಟೌ ಪ್ರೋಟೀನು ಸಿಕ್ಕುಗಟ್ಟುತ್ತದೆ. ಮೃತರ ಮೆದುಳುಗಳನ್ನು ಅಳೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪ್ರೋಟೀನುಗಳು ಹೆಚ್ಚಿದ್ದ ಕೆಲವು ಭಾಗಗಳಲ್ಲಿ ಪ್ರೆಗ್ನೆನೊಲೋನ್ ಎಂಬ ಇನ್ನೊಂದು ನ್ಯೂರೋಸ್ಟೆರಾಯ್ಡ್ ಮತ್ತು ಡಿಎಚ್‌ಇಎಗಳ ಸಲ್ಫೇಟ್ ರೂಪಗಳು ಕಡಿಮೆಯಿದ್ದವು. ಅಕ್ಕ ಓದಿ ನಂಬಿದ್ದು ಇದನ್ನೇ.

ಆದರೆ ಅಲ್ಲಿ ಅಳೆದದ್ದು ಬೆರಳೆಣಿಕೆಯ ಮೆದುಳುಗಳನ್ನು, ಅದೂ ಕಾಯಿಲೆ ತನ್ನ ಕೆಲಸ ಮುಗಿಸಿದ ಮೇಲೆ. ಹೂಳು ತುಂಬಿದ ಬಾವಿಯಲ್ಲಿ ನೀರು ಕಡಿಮೆಯಿರುವುದು ನಿಜ. ಮೇಲಿನಿಂದ ಎರಡು ಕೊಡ ನೀರು ಸುರಿದರೆ ಹೂಳು ಹೋಗುತ್ತದೆಯೇ? ಈ ಪ್ರಶ್ನೆಯನ್ನು ರೋಗಿಗಳಲ್ಲೇ ಪರೀಕ್ಷಿಸಿದ್ದಾರೆ. 58 ಆಲ್ಝೈಮರ್ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ ಎರಡು ಬಾರಿ 50 ಮಿಲಿಗ್ರಾಂ ಡಿಎಚ್‌ಇಎ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ನಡೆಸಿದ, 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳ ಕೊನೆಗೆ ನೆನಪಿನ ಪರೀಕ್ಷೆಯ ಅಂಕಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ, 65 ದಾಟಿದ 4,532 ಮಹಿಳೆಯರ ಮೇಲೆ ನಡೆದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಮೆದುಳಿಗೆ ರಕ್ಷಣೆಯೆಂದು ಭಾವಿಸಿದ್ದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಹಾರ್ಮೋನುಗಳ ಜೋಡಿ, ಡಿಮೆನ್ಷಿಯಾದ ಅಪಾಯವನ್ನು ಸುಮಾರು ಇಮ್ಮಡಿಗೊಳಿಸಿದ್ದು ಹೊರಬಿತ್ತು. ಡಿಎಚ್‌ಇಎ ದೇಹದಲ್ಲಿ ಈಸ್ಟ್ರೋಜನ್ ಹಾಗೂ ಟೆಸ್ಟೋಸ್ಟೆರೋನ್ ಆಗಿ ಮಾರ್ಪಡುವುದರಿಂದ ಇದನ್ನು ಕಡೆಗಣಿಸುವಂತಿಲ್ಲ.

ಇದನ್ನೆಲ್ಲ ನಾನು ಓದಿದ್ದು ತಡವಾಗಿ. ಅಷ್ಟರಲ್ಲಿ ಮೂರು ವಾರ, ಬೆಳಗಿನ ಕಾಫಿಯ ನಂತರ ಅಮ್ಮನಿಗೆ ಒಂದೊಂದು ಕ್ಯಾಪ್ಸೂಲ್ ಕೊಟ್ಟಾಗಿತ್ತು. ಮರೆವು ಇದ್ದಂತೆಯೇ ಇತ್ತು. ಎಪ್ಪತ್ತಾರರ ಅಮ್ಮನ ಗಲ್ಲದ ಮೇಲೆ ಮಾತ್ರ ಕಾಲೇಜು ಹುಡುಗಿಯರಿಗೆ ಏಳುವಂಥ ಮೊಡವೆಗಳೆದ್ದವು. ನರರೋಗ ತಜ್ಞರು ಬಾಟಲಿಯನ್ನು ತಿರುಗಿಸಿ ನೋಡಿ, ಇಂದೇ ನಿಲ್ಲಿಸಿ ಎಂದರು. ಕೇಳದೆ ಕೊಟ್ಟಿದ್ದಕ್ಕೆ ನನಗೂ ನಾಲ್ಕು ಮಾತು ಬಿತ್ತು. ಅಮೈಲಾಯ್ಡನ್ನು ನಿಜವಾಗಿಯೂ ತೆಗೆಯುವ ಲೆಕಾನೆಮ್ಯಾಬ್ ಎಂಬ ಔಷಧ ಕೂಡ 18 ತಿಂಗಳಲ್ಲಿ ಕುಸಿತವನ್ನು ಶೇ 27ರಷ್ಟು ನಿಧಾನಿಸಿತೇ ವಿನಾ ನಿಲ್ಲಿಸಲಿಲ್ಲ, ಅದೂ ಕಾಯಿಲೆಯ ಆರಂಭದ ಹಂತದವರಲ್ಲಿ, ಎಂದು ಅವರೇ ವಿವರಿಸಿದರು.

ಐದಕ್ಕೆ ಒಂದು ಅಂಕ, ಅದೂ ಆ ಸಣ್ಣ ಅಕ್ಷರದ ಸಾಲಿಗೆ. ಇನ್ನೊಂದು ಬಾಟಲಿ ಕಳುಹಿಸಲೇ ಎಂದು ಅಕ್ಕ ಕೇಳಿದಳು. ಅದು ಬೇಡ, ಅಮ್ಮನ ಕಿವಿಯ ಯಂತ್ರಕ್ಕೆ ಬ್ಯಾಟರಿ ಕಳುಹಿಸು ಎಂದೆ.