ಪುಟ್ಟ ಜೀಪಿಗೆ ಕೊಳೆ ಹತ್ತಿಸುವ ಮೂರು ಬಗೆ

ಟಾಮಿಯಾ ಕಂಪನಿಯ 1/35 ಅಳತೆಯ ವಿಲ್ಲಿಸ್ ಜೀಪಿನ, ಅಂದರೆ ಎರಡನೆಯ ಮಹಾಯುದ್ಧದ ಅಮೆರಿಕನ್ ಸೇನಾ ಜೀಪಿನ, ಪ್ಲಾಸ್ಟಿಕ್ ಮಾದರಿಯ ಕಿಟ್ಟನ್ನು ಎಷ್ಟೇ ಅಚ್ಚುಕಟ್ಟಾಗಿ ಜೋಡಿಸಿ, ಸೇನೆಯ ಹಸಿರು ಬಣ್ಣ ಬಳಿದರೂ ಅದು ಆಟಿಕೆಯಂತೆಯೇ ಕಾಣುತ್ತದೆ. ನಿಜವಾದ ಜೀಪಿನ ಉದ್ದ ಸುಮಾರು 3.3 ಮೀಟರ್, ಮಾದರಿಯದು ಸುಮಾರು 9.5 ಸೆಂಟಿಮೀಟರ್, ಇಷ್ಟು ಚಿಕ್ಕ ಗಾತ್ರದಲ್ಲಿ ಬಾನೆಟ್ಟಿನ ಕೀಲುಗಳಾಗಲಿ ಬೋಲ್ಟುಗಳ ಬುಡವಾಗಲಿ ಕಣ್ಣಿಗೆ ಬೀಳುವಷ್ಟು ನೆರಳು ಮೂಡಿಸಲಾರವು. ಆ ನೆರಳನ್ನೂ ಬಳಕೆಯ ಕೊಳೆಯನ್ನೂ ತೀರಾ ತೆಳುವಾದ ಗಾಢ ಬಣ್ಣದಿಂದ, ಅಂದರೆ ವಾಶ್‌ನಿಂದ, ನಾವೇ ತರಬೇಕಾಗುತ್ತದೆ. ಅಕ್ರಿಲಿಕ್ ಹಸಿರಿನ ಮೇಲೆ ಹೊಳಪಿನ ವಾರ್ನಿಷ್ ಹೊಡೆದ ಭಾಗಗಳ ಮೇಲೆ ನಾನು ಮೂರು ಬಗೆಯ ವಾಶ್‌ಗಳನ್ನು ಪ್ರಯೋಗಿಸಿ ನೋಡಿದೆ.

ನೀರು ಬೆರೆಸುವ ಅಕ್ರಿಲಿಕ್ ವಾಶ್ ಅಗ್ಗ, ವಾಸನೆಯಿಲ್ಲದ್ದು, ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು. ಆದರೆ ಅದು ಬೇಗ ಒಣಗುವುದರಿಂದ ಬಾನೆಟ್ಟಿನಂಥ ಸಪಾಟು ಜಾಗದಲ್ಲಿ ಅಂಚುಗಟ್ಟಿದ ಕಲೆ ಉಳಿಯುತ್ತದೆ, ಒಣಗಿದ ಮೇಲೆ ಒರೆಸಿ ಸರಿಪಡಿಸಲು ಬರುವುದಿಲ್ಲ. ಸೀಟು, ಕ್ಯಾನ್ವಾಸ್ ಮಡಿಕೆಗಳಿಗೆ ಇದು ಸಾಕು; ಹೊರಮೈಗೆ ನಾನು ಒಪ್ಪುವುದಿಲ್ಲ.

ಸಿದ್ಧ ಬಾಟಲಿಯಲ್ಲಿ ಬರುವ ಎನಾಮೆಲ್ ವಾಶ್ ಸಂದುಗಳಲ್ಲಿ ತಾನಾಗಿಯೇ ಹರಿದುಹೋಗುತ್ತದೆ, ಹೆಚ್ಚಾದದ್ದನ್ನು ಥಿನ್ನರ್ ಸವರಿದ ಕುಂಚದಿಂದ ತೆಗೆಯಬಹುದು. ಬಣ್ಣದ ಹದ ಪ್ರತಿ ಬಾರಿಯೂ ಒಂದೇ ಆಗಿರುವುದು ಇದರ ದೊಡ್ಡ ಅನುಕೂಲ. ಬೆಲೆ ಮಾತ್ರ ಹೆಚ್ಚು. ಜೊತೆಗೆ, ಬಣ್ಣ ತಾಗದ ಬರಿಯ ಪ್ಲಾಸ್ಟಿಕ್ಕಿನ ಮೇಲೆ ಧಾರಾಳವಾಗಿ ಸುರಿದರೆ, ಬಿಗಿತವಿರುವ ಸಣ್ಣ ಭಾಗಗಳು ಬಿರುಕು ಬಿಡುವ ಅಪಾಯವಿದೆ.

ಚಿತ್ರಕಲಾವಿದರ ಎಣ್ಣೆಬಣ್ಣವೇ ನನ್ನ ಆಯ್ಕೆ. ಬರ್ಂಟ್ ಅಂಬರ್ ಎಂಬ ಗಾಢ ಕಂದು ಬಣ್ಣಕ್ಕೆ ಒಂದಿಷ್ಟು ಕಪ್ಪು ಸೇರಿಸಿ, ರಟ್ಟಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೆಚ್ಚುವರಿ ಎಣ್ಣೆಯನ್ನು ಹೀರಿಸಿದ ಬಳಿಕ, ವಾಸನೆಯಿಲ್ಲದ ಥಿನ್ನರ್‌ನಲ್ಲಿ ಕರಗಿಸಿದರೆ ವಾಶ್ ಸಿದ್ಧ. ಇದು ಬಹಳ ನಿಧಾನವಾಗಿ ಒಣಗುತ್ತದೆಂಬ ದೂರು ಸಾಮಾನ್ಯ. ನನ್ನ ದೃಷ್ಟಿಯಲ್ಲಿ ಅದೇ ಇದರ ಗುಣ, ಏಕೆಂದರೆ ಗಂಟೆಗಳ ನಂತರವೂ ಕಲೆಯನ್ನು ಮೆಲ್ಲಗೆ ಕೆಳಕ್ಕೆ ಎಳೆದು ಮಳೆನೀರು ಇಳಿದ ಗುರುತನ್ನು ಮಾಡಬಹುದು, ಬಿಳಿ ಮತ್ತು ಹಳದಿ ಮಣ್ಣಿನ ಬಣ್ಣದ ಚುಕ್ಕೆಗಳನ್ನಿಟ್ಟು ತಿಕ್ಕಿ ಬಿಸಿಲಿಗೆ ಮಾಸಿದ ಹಸಿರನ್ನೂ ತರಬಹುದು. ಒಂದು ಟ್ಯೂಬು ಅನೇಕ ಮಾದರಿಗಳಿಗೆ ಸಾಲುತ್ತದೆ. ನಮ್ಮೂರಿನ ಚಿತ್ರಸಾಮಗ್ರಿ ಅಂಗಡಿಯಲ್ಲಿಯೂ ಸಿಗುತ್ತದೆ.

ಬಣ್ಣ ಕಿತ್ತ ಗುರುತುಗಳಿಗೆ ಕುಂಚಕ್ಕಿಂತ ಸ್ಪಂಜಿನ ಚೂರು ಲೇಸು. ಇಲ್ಲಿನ ಒಂದು ಮಿಲಿಮೀಟರ್ ಗೀರು ನಿಜವಾದ ಜೀಪಿನಲ್ಲಿ 35 ಮಿಲಿಮೀಟರ್ ಆಗುತ್ತದೆಂಬುದನ್ನು ನೆನಪಿಟ್ಟರೆ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಯುದ್ಧಕಾಲದ ಜೀಪಿಗೆ ಮೈತುಂಬ ತುಕ್ಕು ಬಳಿಯುವ ಈಗಿನ ರೂಢಿಯೂ ನನಗೆ ಅರ್ಥವಾಗಿಲ್ಲ: 1941ರಿಂದ 1945ರವರೆಗೆ ತಯಾರಾದ ಈ ವಾಹನಗಳು ಯುದ್ಧ ಮುಗಿದಾಗ ಇನ್ನೂ ಹೊಸವೇ ಆಗಿದ್ದವು. ಚಿಕ್ಕಮಗಳೂರಿನ ಕಾಫಿ ತೋಟದ ಮುದಿ ಜೀಪನ್ನು ಮಾಡುವವರಿಗೆ ತುಕ್ಕೂ ಕೆಂಧೂಳೂ ಒಪ್ಪುತ್ತವೆ.

ಧೂಳಿಗೆ ಪಿಗ್ಮೆಂಟ್, ಅಂದರೆ ಒಣ ಬಣ್ಣದ ನುಣ್ಣನೆಯ ಪುಡಿಯೇ ಸರಿ. ಅದನ್ನು, ಕೊನೆಗೆ ಹೊಡೆಯುವ ಹೊಳಪಿಲ್ಲದ (ಮ್ಯಾಟ್) ವಾರ್ನಿಷ್ ಒಣಗಿದ ಮೇಲೆಯೇ ಚಕ್ರಗಳ ಹಿಂಭಾಗಕ್ಕೂ ನೆಲಹಾಸಿಗೂ ಉದುರಿಸಬೇಕು. ಮೊದಲೇ ಹಾಕಿ ಮೇಲೆ ವಾರ್ನಿಷ್ ಹೊಡೆದರೆ ಧೂಳೆಲ್ಲ ಮಾಯವಾಗುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ವಾರ್ನಿಷ್ ಬಿಳಿಚಿಕೊಳ್ಳುವುದರಿಂದ, ಆ ಕೆಲಸಕ್ಕೆ ಒಣ ಹವೆಯ ದಿನವನ್ನು ಕಾಯುವುದು ಉತ್ತಮ.